‘ಔಟ್‌ಡೂ’ ಅಂದರೆ ಯಾರಿಗಿಂತ?

ಓದುಗರ ಪ್ರಶ್ನೆ: “ಸರ್, ನನ್ನ ಊರು ಕಾಪು ಹತ್ತಿರ. ಹತ್ತನೇ ಕ್ಲಾಸಿನವರೆಗೆ ಕನ್ನಡ ಮೀಡಿಯಂ, ಆಮೇಲೆ ಬಿ.ಕಾಂ. ಮೂರು ವರ್ಷದಿಂದ ಒಂದು ಸಹಕಾರಿ ಸೊಸೈಟಿಯಲ್ಲಿ ಕೆಲಸ. ವರ್ಷದ ಕೊನೆಗೆ ನಮ್ಮ ಕೆಲಸದ ಬಗ್ಗೆ ನಾವೇ ಇಂಗ್ಲಿಷಿನಲ್ಲಿ ಒಂದು ಪುಟ ಬರೆದು ಕೊಡಬೇಕು. ನನಗೆ ಕೊಟ್ಟ ಡೆಪಾಸಿಟ್ ಟಾರ್ಗೆಟ್ 2 ಕೋಟಿ, ನಾನು ತಂದದ್ದು 2.4 ಕೋಟಿ. ಅದಕ್ಕೆ ‘ಐ ಹ್ಯಾವ್ ಔಟ್‌ಡಿಡ್ ದ್ಯಾನ್ ಅದರ್ ಸ್ಟಾಫ್’ ಅಂತ ಬರೆದೆ. ನಮ್ಮ ಸೀನಿಯರ್ ಒಬ್ಬರು ಅದನ್ನು ಹೊಡೆದು ಹಾಕಿ ‘ಓವರ್‌ಡನ್’ ಅಂತ ತಿದ್ದಿದರು. ಪಕ್ಕದಲ್ಲಿ ಕೂರುವವಳು, ಔಟ್‌ಡೂ ಅಂದರೆ ಬೇರೆಯವರನ್ನು ಕೀಳು ಮಾಡಿದ ಹಾಗೆ, ಮ್ಯಾನೇಜರ್ ತಪ್ಪು ತಿಳ್ಕೊಳ್ತಾರೆ ಅಂದಳು. ಡಿಕ್ಷನರಿ ತೆಗೆದರೆ ಔಟ್‌ಡೂ, ಸರ್ಪಾಸ್, ಎಕ್ಸೀಡ್ ಎಲ್ಲದಕ್ಕೂ ‘ಮೀರಿಸು’, ‘ಮೀರು’ ಅಂತಲೇ ಉಂಟು. ಯಾವುದು ಸರಿ? ಬರೆದರೆ ಜಂಬ ಅನ್ನಿಸ್ತದಾ? ಬರೆಯದಿದ್ದರೆ ಮಾಡಿದ ಕೆಲಸ ಯಾರಿಗೂ ಗೊತ್ತಾಗುವುದಿಲ್ಲ. ಮುಂದಿನ ವಾರ ಫಾರ್ಮ್ ಕೊಡಬೇಕು.”

ಉತ್ತರ: ನಿಮ್ಮ ಪತ್ರದಲ್ಲಿ ಎರಡು ಚಿಂತೆ ಸೇರಿಕೊಂಡಿವೆ. ಪದ ಸರಿಯಾ ಅನ್ನುವುದು ಒಂದು. ನನ್ನ ಕೆಲಸವನ್ನು ನಾನೇ ಹೇಗೆ ಹೇಳಿಕೊಳ್ಳುವುದು ಅನ್ನುವುದು ಇನ್ನೊಂದು. ಉಡುಪಿಯಲ್ಲಿ ಇಪ್ಪತ್ತಕ್ಕೂ ಹೆಚ್ಚು ವರ್ಷ ಇಂಗ್ಲಿಷ್ ಪಾಠ ಮಾಡಿದ್ದೇನೆ, ಈ ಎರಡನೇ ಚಿಂತೆಯಿಂದಲೇ ಮೊದಲನೆಯದು ಹುಟ್ಟುವುದನ್ನು ಎಷ್ಟೋ ಸಲ ನೋಡಿದ್ದೇನೆ. ಹೇಳಿಕೊಳ್ಳಲು ಸಂಕೋಚ ಆದಾಗ ನಾವು ದೊಡ್ಡದೊಂದು ಪದದ ಹಿಂದೆ ನಿಂತುಕೊಳ್ಳುತ್ತೇವೆ. ಆ ಪದ ಕೈಕೊಡುತ್ತದೆ.

ಮೊದಲು ತುರ್ತಿನದ್ದು. ‘ಓವರ್‌ಡನ್’ ಅನ್ನುವುದನ್ನು ದಯವಿಟ್ಟು ಹಾಗೇ ಬಿಡಬೇಡಿ. ಓವರ್‌ಡೂ ಅಂದರೆ ಅತಿ ಮಾಡುವುದು. ಒಲೆಯ ಮೇಲೆ ಜಾಸ್ತಿ ಹೊತ್ತು ಇಟ್ಟು ರಬ್ಬರಿನ ಹಾಗಾದ ಮೀನು ಓವರ್‌ಡನ್. ಬೇಕಾದ್ದಕ್ಕಿಂತ ಜಾಸ್ತಿ ಅತ್ತು ಕರೆದು ಮಾಡಿದ ನಟನೆ ಓವರ್‌ಡನ್. ನಿಮ್ಮ ಫಾರ್ಮಿನಲ್ಲಿ ಆ ಪದ ಇದ್ದರೆ, ಓದಿದವರಿಗೆ ‘ನಾನು ಸ್ವಲ್ಪ ಅತಿ ಮಾಡಿದೆ’ ಅಂತ ನೀವೇ ಒಪ್ಪಿಕೊಂಡ ಹಾಗೆ ಕೇಳಿಸುತ್ತದೆ. 40 ಲಕ್ಷ ಹೆಚ್ಚಿಗೆ ತಂದವರು ಹೇಳುವ ಮಾತಲ್ಲ ಅದು.

ನಿಮ್ಮ ಸೀನಿಯರ್ ಯಾಕೆ ಹಾಗೆ ತಿದ್ದಿದರು ಅಂತ ನನಗೆ ಅಂದಾಜಿದೆ. ಮೀರಿಸುವ ಅರ್ಥದ ಇಂಗ್ಲಿಷ್ ಪದಗಳಲ್ಲಿ ನಮ್ಮ ರಸ್ತೆಗೆ ಇಳಿದು ಬಂದ ಪದ ಅಂದರೆ ‘ಓವರ್‌ಟೇಕ್’. ಮಂಗಳೂರು–ಉಡುಪಿ ಎಕ್ಸ್‌ಪ್ರೆಸ್ ಬಸ್ಸಿನಲ್ಲಿ ಕೂತವರಿಗೆ ಅದರ ಅರ್ಥ ಯಾರೂ ಹೇಳಿಕೊಡಬೇಕಾಗಿಲ್ಲ. ಎದುರಿನ ಬಸ್ಸನ್ನು ಹಿಂದೆ ಹಾಕಿ ಮುಂದೆ ಹೋಗುವುದು ಓವರ್‌ಟೇಕ್ ಆದರೆ, ಬೇರೆಯವರನ್ನು ಹಿಂದೆ ಹಾಕುವ ಎಲ್ಲ ಪದಕ್ಕೂ ಓವರ್ ಇರಬೇಕು ಅಂತ ಅನ್ನಿಸುವುದು ಸಹಜ. ಆದರೆ ಓವರ್‌ಟೇಕ್‌ನಲ್ಲಿರುವ ಓವರ್ ‘ದಾಟಿ’ ಅನ್ನುವ ಕಡೆಯದು. ಓವರ್‌ಡೂ, ಓವರ್‌ಈಟ್, ಓವರ್‌ಸ್ಪೆಂಡ್ ಇವುಗಳಲ್ಲಿರುವುದು ‘ಅತಿ’ ಅನ್ನುವ ಓವರ್.

ಇನ್ನು ‘ಔಟ್’. ಇದರ ಬಗ್ಗೆ ನಮ್ಮಲ್ಲಿ ಎರಡು ತಪ್ಪು ನಂಬಿಕೆ ಓಡಾಡುತ್ತಿವೆ. ಔಟ್ ಅಂದರೆ ಹೊರಗೆ, ಹಾಗಾಗಿ ಔಟ್‌ಡೂ ಅಂದರೆ ಹೊರಗೆ ಮಾಡುವುದು, ಹೊರಗೆ ಹಾಕುವುದು ಅನ್ನುವುದು ಒಂದು. ಕ್ರಿಕೆಟ್ಟಿನಲ್ಲಿ ಔಟ್ ಮಾಡಿದ ಹಾಗೆ, ಎದುರಾಳಿಯ ಆಟ ಮುಗಿಸುವುದು ಅನ್ನುವುದು ಇನ್ನೊಂದು. ನಿಮ್ಮ ಪಕ್ಕದವರಿಗೆ ‘ಕೀಳು ಮಾಡಿದ ಹಾಗೆ’ ಅನ್ನಿಸಿದ್ದು ಈ ಎರಡನೆಯದರಿಂದಲೇ ಇರಬೇಕು. ಔಟ್‌ಪುಟ್, ಔಟ್‌ಲೆಟ್ ಇಂಥ ಪದಗಳಲ್ಲಿ ಔಟ್ ಅಂದರೆ ಹೊರಗೆ ಅನ್ನುವುದು ನಿಜ. ಅಲ್ಲಿ ಒತ್ತು ‘ಔಟ್’ ಮೇಲೆ ಬೀಳುತ್ತದೆ. ಔಟ್‌ಡೂ, ಔಟ್‌ರನ್, ಔಟ್‌ಸೆಲ್ ಅನ್ನುವಾಗ ಔಟ್ ಹಗುರವಾಗಿ ಹೋಗಿ ಒತ್ತು ಹಿಂದಿನ ಕ್ರಿಯಾಪದದ ಮೇಲೆ, ಅಂದರೆ ‘ಡೂ’, ‘ರನ್’, ‘ಸೆಲ್’ ಮೇಲೆ ಬೀಳುತ್ತದೆ. ಜೋರಾಗಿ ಒಮ್ಮೆ ಹೇಳಿ ನೋಡಿ, ಎರಡೂ ಬೇರೆ ಬೇರೆ ಔಟ್ ಅಂತ ಕಿವಿಗೇ ಗೊತ್ತಾಗುತ್ತದೆ.

ಈ ಎರಡನೇ ಔಟ್‌ಗೆ ಕನ್ನಡದಲ್ಲಿ ಸರಿಯಾದ ಜೋಡಿ ಉಂಟು. ಅದು ‘ಗಿಂತ’.

ಔಟ್‌ಡೂ: ಅವರಿಗಿಂತ ಚೆನ್ನಾಗಿ ಅಥವಾ ಹೆಚ್ಚು ಮಾಡು. ಔಟ್‌ಲಿವ್: ಅವರಿಗಿಂತ ಹೆಚ್ಚು ಕಾಲ ಬದುಕು. ಔಟ್‌ಸೆಲ್: ಅದಕ್ಕಿಂತ ಜಾಸ್ತಿ ಮಾರಾಟವಾಗು. ಔಟ್‌ವೇ: ಅದಕ್ಕಿಂತ ಜಾಸ್ತಿ ತೂಗು. ಔಟ್‌ನಂಬರ್: ಅವರಿಗಿಂತ ಸಂಖ್ಯೆಯಲ್ಲಿ ಹೆಚ್ಚಿರು. 2011ರ ಜನಗಣತಿಯ ಪ್ರಕಾರ ಉಡುಪಿ ಜಿಲ್ಲೆಯಲ್ಲಿ 1000 ಗಂಡಸರಿಗೆ 1094 ಹೆಂಗಸರು. ‘ಇನ್ ಉಡುಪಿ, ವಿಮೆನ್ ಔಟ್‌ನಂಬರ್ ಮೆನ್’ ಅಂದರೆ ಮಾತು ಮುಗಿಯಿತು. ಮಕ್ಕಳು ಬೆಳೆದು ಹೋದ ವರ್ಷದ ಯೂನಿಫಾರ್ಮ್ ಈ ಜೂನಿನಲ್ಲಿ ಗಿಡ್ಡ ಆಗುತ್ತದಲ್ವಾ, ಅದು ಔಟ್‌ಗ್ರೋ: ಅಂಗಿಗಿಂತ ದೊಡ್ಡ ಬೆಳೆದರು.

ಈಗ ನಿಮ್ಮ ವಾಕ್ಯವನ್ನು ನೋಡಿ. ‘ಔಟ್‌ಡಿಡ್ ದ್ಯಾನ್ ಅದರ್ ಸ್ಟಾಫ್.’ ದ್ಯಾನ್ ಅಂದರೂ ಗಿಂತ, ಔಟ್ ಅಂದರೂ ಗಿಂತ. ಎರಡು ಸಲ ಗಿಂತ ಆಯಿತು. ಕನ್ನಡದಲ್ಲಿ ಯೋಚನೆ ಮಾಡಿ ಇಂಗ್ಲಿಷಿನಲ್ಲಿ ಬರೆಯುವಾಗ ‘ಬೇರೆಯವರಿಗಿಂತ’ ಅನ್ನುವುದು ತಲೆಯಲ್ಲಿ ಇರುತ್ತದೆ, ಕೈ ತನ್ನಷ್ಟಕ್ಕೆ ದ್ಯಾನ್ ಬರೆಯುತ್ತದೆ. ನಿಮ್ಮೊಬ್ಬರ ತಪ್ಪಲ್ಲ ಇದು, ನನ್ನ ಕ್ಲಾಸಿನಲ್ಲಿ ಪ್ರತಿ ವರ್ಷ ಬರುವ ತಪ್ಪು. ದ್ಯಾನ್ ತೆಗೆದುಬಿಡಿ. ಇನ್ನೊಂದು ಸಣ್ಣ ವಿಷಯ: ಹಿಂದಿನ ಕ್ರಿಯಾಪದ ಹೇಗೆ ರೂಪ ಬದಲಿಸುತ್ತದೋ ಔಟ್ ಸೇರಿದ ಮೇಲೂ ಹಾಗೇ. ಡೂ–ಡಿಡ್–ಡನ್ ಇದ್ದ ಹಾಗೆ ಔಟ್‌ಡೂ–ಔಟ್‌ಡಿಡ್–ಔಟ್‌ಡನ್. ಹ್ಯಾವ್ ಬಂದರೆ ಔಟ್‌ಡನ್ ಬೇಕು. ‘ಔಟ್‌ಡೂಯ್ಡ್’ ಅಂತ ಬರೆಯುವವರೂ ಇದ್ದಾರೆ, ಅಂಥ ರೂಪ ಇಲ್ಲ.

ಈ ‘ಗಿಂತ’ದ ಲೆಕ್ಕ ಹಿಡಿದರೆ ಇನ್ನೂ ಮುಖ್ಯವಾದ ಒಂದು ವಿಷಯ ಸಿಗುತ್ತದೆ. ಕನ್ನಡದಲ್ಲಿ ಗಿಂತ ಒಂಟಿಯಾಗಿ ನಿಲ್ಲುವುದಿಲ್ಲ. ಅವನಿಗಿಂತ, ಅದಕ್ಕಿಂತ, ಹೋದ ವರ್ಷಕ್ಕಿಂತ, ಹೀಗೆ ಮುಂದೆ ಏನಾದರೂ ಇರಲೇಬೇಕು. ಔಟ್‌ಡೂ ಕೂಡ ಹಾಗೇ. ಯಾರನ್ನು ಅಂತ ಹೇಳದೆ ಅದನ್ನು ಬಳಸಲು ಆಗುವುದಿಲ್ಲ. ‘ವಿ ಔಟ್‌ಡೂ ಇನ್ ಕ್ವಾಲಿಟಿ’ ಅಂತ ಒಂದು ಅಂಗಡಿಯ ಬೋರ್ಡಿನಲ್ಲಿ ನೋಡಿದ್ದೆ. ಗುಣಮಟ್ಟದಲ್ಲಿ ಮೀರಿಸುತ್ತೇವೆ ಅಂತ ಕನ್ನಡದಲ್ಲಿ ಧಾರಾಳವಾಗಿ ಹೇಳಬಹುದು, ಕೇಳುವವರು ಎದುರಿನ ಅಂಗಡಿಯನ್ನು ಮನಸ್ಸಿನಲ್ಲೇ ತುಂಬಿಕೊಳ್ಳುತ್ತಾರೆ. ಇಂಗ್ಲಿಷಿನಲ್ಲಿ ಆ ಜಾಗ ಖಾಲಿ ಬಿದ್ದು ವಾಕ್ಯವೇ ಕುಂಟುತ್ತದೆ. ಅದಕ್ಕೇ ನಾನು ಹೇಳುವುದು: ಪದ ಆರಿಸುವ ಮುಂಚೆ ‘ಯಾರಿಗಿಂತ? ಯಾವುದರಲ್ಲಿ?’ ಅನ್ನುವ ಎರಡು ಪ್ರಶ್ನೆಗೆ ಕನ್ನಡದಲ್ಲೇ ಉತ್ತರ ಬರೆದುಕೊಳ್ಳಿ. ಉತ್ತರ ಸಿಕ್ಕರೆ ಇಂಗ್ಲಿಷ್ ಪದ ತಾನಾಗಿ ಬರುತ್ತದೆ. ಸಿಗದಿದ್ದರೆ ಆ ಪದ ನಿಮಗೆ ಬೇಡ.

ಓವರ್ ಮತ್ತು ಔಟ್ ಎರಡನ್ನೂ ಒಂದೇ ಕಡೆ ನೋಡಬೇಕಾದರೆ ಮಲ್ಪೆ ಬಂದರಿನ ಮೀನಿನ ಏಲಂ ನೆನಪು ಮಾಡಿಕೊಳ್ಳಿ. ಪಕ್ಕದವನು ಕೂಗಿದ್ದಕ್ಕಿಂತ ಜಾಸ್ತಿ ಕೂಗಿದರೆ ಅವನನ್ನು ಔಟ್‌ಬಿಡ್ ಮಾಡಿದ ಹಾಗೆ. ಮೀನಿನ ಬೆಲೆಗಿಂತ ಅತಿ ಜಾಸ್ತಿ ಕೂಗಿದರೆ ಓವರ್‌ಬಿಡ್. ಎರಡೂ ಒಟ್ಟಿಗೆ ಆಗಬಹುದು. ಎಲ್ಲರನ್ನೂ ಔಟ್‌ಬಿಡ್ ಮಾಡಿ ಬುಟ್ಟಿ ಎತ್ತಿಕೊಂಡವನಿಗೆ, ಮಾರ್ಕೆಟ್ಟಿಗೆ ಹೋದ ಮೇಲೆ ತಾನು ಓವರ್‌ಬಿಡ್ ಮಾಡಿದ್ದು ಗೊತ್ತಾಗಬಹುದು. ಒಂದರಲ್ಲಿ ಎದುರಾಳಿ ಇದ್ದಾನೆ, ಇನ್ನೊಂದರಲ್ಲಿ ಮಿತಿ ಇದೆ.

‘ಯಾವುದರಲ್ಲಿ’ ಅನ್ನುವ ಪ್ರಶ್ನೆಗೆ ನಮ್ಮೂರಿನದೇ ಒಂದು ದೊಡ್ಡ ಉದಾಹರಣೆ ಉಂಟು. 2020ರ ಫೆಬ್ರವರಿ 1ರಂದು ಐಕಳ ಕಂಬಳದಲ್ಲಿ ಮಿಜಾರಿನ ಶ್ರೀನಿವಾಸ ಗೌಡರು 142.5 ಮೀಟರನ್ನು 13.62 ಸೆಕೆಂಡಿನಲ್ಲಿ ಓಡಿದರು. 100 ಮೀಟರಿಗೆ ಲೆಕ್ಕ ಹಾಕಿದರೆ ಸುಮಾರು 9.55 ಸೆಕೆಂಡ್. ಉಸೇನ್ ಬೋಲ್ಟ್ 2009ರಲ್ಲಿ ಬರ್ಲಿನ್‌ನಲ್ಲಿ ಮಾಡಿದ ವಿಶ್ವದಾಖಲೆ 9.58. ಬೋಲ್ಟ್‌ನನ್ನೇ ಹಿಂದೆ ಹಾಕಿದ ಅಂತ ದೇಶವೆಲ್ಲ ಸುದ್ದಿ ಆಯಿತು. ನನಗೂ ಎದೆ ತುಂಬಿ ಬಂದಿತ್ತು, ನಿಜ ಹೇಳುತ್ತೇನೆ. ಆದರೆ ಇಂಗ್ಲಿಷ್ ಮೇಷ್ಟ್ರಾಗಿ ಕೇಳಿದರೆ, ‘ಗೌಡ ಔಟ್‌ರ್ಯಾನ್ ಬೋಲ್ಟ್’ ಅನ್ನಬಹುದಾ? ಆಗುವುದಿಲ್ಲ. ಔಟ್‌ರನ್ ಅನ್ನಬೇಕಾದರೆ ಇಬ್ಬರ ಓಟವೂ ಒಂದೇ ಅಳತೆಯದ್ದಾಗಿರಬೇಕು. ಇವರು ಓಡಿದ್ದು ಕೆಸರುನೀರಿನ ಕರೆಯಲ್ಲಿ (ಕಂಬಳದ ಓಟದ ಗದ್ದೆ), ಕೋಣಗಳ ಜೊತೆಯಲ್ಲಿ. ಅವನು ಓಡಿದ್ದು ಟ್ರ್ಯಾಕಿನಲ್ಲಿ, ಒಬ್ಬನೇ ತನ್ನ ಕಾಲಿನ ಮೇಲೆ. ಈ ಹೋಲಿಕೆ ಸರಿಯಲ್ಲ, ಬೋಲ್ಟ್ ವಿಶ್ವ ಚಾಂಪಿಯನ್, ನಾನು ಗದ್ದೆಯಲ್ಲಿ ಓಡುವವನು ಅನ್ನುವ ಅರ್ಥದ ಮಾತನ್ನು ಗೌಡರೇ ಹೇಳಿದ್ದರು. ಅದೇ ತಿಂಗಳು ಬಜಗೋಳಿಯ ನಿಶಾಂತ್ ಶೆಟ್ಟರು ವೇಣೂರು ಕಂಬಳದಲ್ಲಿ 100 ಮೀಟರಿಗೆ 9.51 ಸೆಕೆಂಡಿನ ಲೆಕ್ಕದಲ್ಲಿ ಓಡಿದರು. ಅದಕ್ಕೆ ‘ಶೆಟ್ಟಿ ಔಟ್‌ಡಿಡ್ ಗೌಡ’ ಅಂದರೆ ಸರಿ. ಅದೂ ಕಂಬಳ, ಇದೂ ಕಂಬಳ, ಅಳತೆಯೂ ಒಂದೇ. ಎದುರಾಳಿ ಇದ್ದರೆ ಸಾಲದು, ಇಬ್ಬರನ್ನೂ ತೂಗುವ ತಕ್ಕಡಿ ಒಂದೇ ಆಗಿರಬೇಕು. ಇದನ್ನು ನೆನಪಿಟ್ಟುಕೊಳ್ಳಿ, ನಿಮ್ಮ ಫಾರ್ಮಿಗೆ ಬೇಕಾಗುತ್ತದೆ.

ಈಗ ಜಂಬದ ವಿಷಯಕ್ಕೆ ಬರೋಣ. ಔಟ್‌ಡೂ ಬೈಗುಳ ಅಲ್ಲ, ಅವಮಾನದ ಪದವೂ ಅಲ್ಲ. ಯಕ್ಷಗಾನದ ಜೋಡಾಟ ನೋಡಿದ್ದೀರಾ? ಎರಡು ಮೇಳ ಅಕ್ಕಪಕ್ಕದ ರಂಗಸ್ಥಳದಲ್ಲಿ ಒಂದೇ ರಾತ್ರಿ ಆಡುತ್ತವೆ. ಈ ಕಡೆ ಚೆಂಡೆ ಏರಿದರೆ ಆ ಕಡೆಯೂ ಏರುತ್ತದೆ, ಇಲ್ಲಿ ದಿಗಿಣ (ಹಾರಿ ತಿರುಗುವ ಕುಣಿತ) ಹಾಕಿದರೆ ಅಲ್ಲಿ ಇನ್ನೂ ನಾಲ್ಕು ಜಾಸ್ತಿ. ‘ದ ಟೂ ಟ್ರೂಪ್ಸ್ ಟ್ರೈಡ್ ಟು ಔಟ್‌ಡೂ ಈಚ್ ಅದರ್’ ಅನ್ನುವುದು ಇದಕ್ಕೆ ಹೇಳಿ ಮಾಡಿಸಿದ ವಾಕ್ಯ. ಒಬ್ಬರನ್ನೊಬ್ಬರು ಮೀರಿಸುವ ಪೈಪೋಟಿ, ನೋಡುವವರಿಗೆ ಹಬ್ಬ. ಅಲ್ಲಿ ಯಾರೂ ಯಾರನ್ನೂ ಕೀಳು ಮಾಡಿಲ್ಲ. ಹಾಗಂತ ಈ ಪದ ಒಳ್ಳೆಯದಕ್ಕೇ ಮೀಸಲೂ ಅಲ್ಲ. ಕ್ರೌರ್ಯದಲ್ಲಿ, ಸುಳ್ಳು ಹೇಳುವುದರಲ್ಲಿ ಮೀರಿಸಿದರೂ ಔಟ್‌ಡೂ ಅಂತಲೇ ಹೇಳುತ್ತಾರೆ.

ಪಕ್ಕದವರನ್ನು ಮಂಕು ಮಾಡುವ ವಾಸನೆ ನಿಜವಾಗಿ ಇರುವುದು ‘ಅಪ್‌ಸ್ಟೇಜ್’ ಅನ್ನುವ ಪದಕ್ಕೆ. ಅದೂ ರಂಗಸ್ಥಳದಿಂದಲೇ ಬಂದದ್ದು. ಹಳೆಯ ಇಂಗ್ಲಿಷ್ ನಾಟಕಶಾಲೆಗಳಲ್ಲಿ ಸ್ಟೇಜ್ ಹಿಂದಕ್ಕೆ ಹೋದ ಹಾಗೆ ಎತ್ತರ ಇರುತ್ತಿತ್ತು. ಒಬ್ಬ ನಟ ಹಿಂದೆ ಹೋಗಿ ನಿಂತರೆ ಅವನ ಜೊತೆ ಮಾತಾಡುವವರು ಪ್ರೇಕ್ಷಕರಿಗೆ ಬೆನ್ನು ಹಾಕಬೇಕಾಗುತ್ತಿತ್ತು. ಎಲ್ಲರ ಕಣ್ಣು ಅವನೊಬ್ಬನ ಮೇಲೆ. ಆಫೀಸಿನಲ್ಲಿ ಬೇರೆಯವರ ಕೆಲಸದ ಮೇಲಿನ ಬೆಳಕು ಕಿತ್ತುಕೊಳ್ಳುವವರಿಗೆ ಇಂದಿಗೂ ಈ ಪದ ಬಳಸುತ್ತಾರೆ.

ಔಟ್‌ಡೂ ಜೊತೆ ಎರಡು ನುಡಿಗಟ್ಟು ಕಲಿತುಕೊಂಡರೆ ಪೇಪರ್ ಓದುವಾಗ ಉಪಯೋಗ. ‘ನಾಟ್ ಟು ಬಿ ಔಟ್‌ಡನ್’ ಅಂದರೆ ‘ನಾನೇನು ಕಮ್ಮಿ’ ಅಂತ. ಪಕ್ಕದ ಮನೆಯವರು ಗೃಹಪ್ರವೇಶಕ್ಕೆ 500 ಜನರನ್ನು ಕರೆದರು ಅಂತ ಇವರು ಮುಂಜಿಗೆ 700 ಜನರನ್ನು ಕರೆಯುತ್ತಾರಲ್ವಾ, ಅಲ್ಲಿ ಬರುವ ಮಾತು. ‘ಯೂ ಹ್ಯಾವ್ ಔಟ್‌ಡನ್ ಯುವರ್‌ಸೆಲ್ಫ್’ ಅಂದರೆ ನಿಮ್ಮನ್ನು ನೀವೇ ಮೀರಿಸಿದಿರಿ. ಅಮ್ಮ ಮಾಡಿದ ಪತ್ರೊಡೆ ಯಾವಾಗಲೂ ಚೆನ್ನಾಗಿರುತ್ತದೆ, ಆದರೆ ಒಂದು ದಿನ ಅದಕ್ಕಿಂತ ಚೆನ್ನಾಗಿ ಬಂದರೆ ಹೀಗೆ ಹೇಳಬಹುದು. ನನಗೆ ತುಂಬ ಇಷ್ಟದ ಪ್ರಯೋಗ ಇದು. ಆದರೆ ಇದು ಬೇರೆಯವರು ನಿಮಗೆ ಹೇಳಬೇಕಾದ ಮಾತು, ನಿಮ್ಮ ಫಾರ್ಮಿನಲ್ಲಿ ನೀವೇ ಬರೆದುಕೊಳ್ಳಬೇಡಿ.

ಡಿಕ್ಷನರಿಯಲ್ಲಿ ಎಲ್ಲದಕ್ಕೂ ಒಂದೇ ಅರ್ಥ ಕೊಟ್ಟಿದ್ದಾರೆ ಅಂದಿರಿ. ಡಿಕ್ಷನರಿಯ ತಪ್ಪಲ್ಲ ಅದು. ನಮ್ಮ ‘ಮೀರು’ ತುಂಬ ದೊಡ್ಡ ಮನಸ್ಸಿನ ಪದ. ದೊಡ್ಡವರ ಮಾತು ಮೀರಬಹುದು, ಮಿತಿ ಮೀರಬಹುದು, ಕೈ ಮೀರಬಹುದು, ಗುರುವನ್ನು ಮೀರಿಸಬಹುದು. ಇಂಗ್ಲಿಷಿನಲ್ಲಿ ಇದೇ ಕೆಲಸವನ್ನು ನಾಲ್ಕೈದು ಪದಗಳು ಹಂಚಿಕೊಂಡಿವೆ, ಯಾವುದರ ಎದುರು ಏನು ಕೂರುತ್ತದೆ ಅನ್ನುವುದರಲ್ಲೇ ವ್ಯತ್ಯಾಸ.

ಎಕ್ಸೀಡ್ ಎದುರು ಒಂದು ಗೆರೆ ಇರಬೇಕು. ಟಾರ್ಗೆಟ್, ಸ್ಪೀಡ್ ಲಿಮಿಟ್, ಬಜೆಟ್, ನಿರೀಕ್ಷೆ ಇಂಥದ್ದು. ಮನುಷ್ಯರನ್ನು ಎಕ್ಸೀಡ್ ಮಾಡಿದೆ ಅಂದರೆ ಕಿವಿಗೆ ಹಿತ ಅನ್ನಿಸುವುದಿಲ್ಲ. ಸರ್ಪಾಸ್ ಎದುರು ಮನುಷ್ಯರೂ ಕೂರಬಹುದು, ದಾಖಲೆಯೂ ಕೂರಬಹುದು. ಆದರೆ ಅದು ಸ್ವಲ್ಪ ಗಂಭೀರ ಪದ, ಸನ್ಮಾನಪತ್ರದ ಭಾಷೆ. ಔಟ್‌ಪರ್ಫಾರ್ಮ್ ಅಂಕಿ ಅಂಶದ ಪದ. ಮ್ಯೂಚುವಲ್ ಫಂಡ್ ನಿಫ್ಟಿಗಿಂತ ಜಾಸ್ತಿ ಲಾಭ ಕೊಟ್ಟರೆ, ಒಂದು ಬ್ರಾಂಚ್ ಇನ್ನೊಂದಕ್ಕಿಂತ ಜಾಸ್ತಿ ವ್ಯವಹಾರ ಮಾಡಿದರೆ, ಅಲ್ಲಿ ಇದು. ಎಕ್ಸೆಲ್ ಎದುರು ಸಾಮಾನ್ಯವಾಗಿ ಯಾರನ್ನೂ ಕೂರಿಸುವುದಿಲ್ಲ. ಇಂಥದ್ದರಲ್ಲಿ ಎಕ್ಸೆಲ್ ಆದೆ ಅನ್ನಬೇಕು, ನಮ್ಮ ‘ಮಿಂಚು’ ಇದ್ದ ಹಾಗೆ. ನೀವು ದಿನಾ ಕಂಪ್ಯೂಟರಿನಲ್ಲಿ ತೆರೆಯುವ ಎಕ್ಸೆಲ್ ಶೀಟಿನ ಹೆಸರೂ ಇದೇ ಪದ. ಬೀಟ್ ಸಣ್ಣ ಪದ, ಬಾಯಿಮಾತಿಗೆ ತುಂಬ ಒಳ್ಳೆಯದು.

ಬೀಟ್ ಬಂದ ಮೇಲೆ ‘ವಿನ್’ ಬಗ್ಗೆ ಹೇಳದೆ ಬಿಡಲಾರೆ. ಕನ್ನಡದಲ್ಲಿ ಆಟವನ್ನೂ ಗೆಲ್ಲಬಹುದು, ಎದುರಾಳಿಯನ್ನೂ ಗೆಲ್ಲಬಹುದು. ಅದಕ್ಕೆ ನಮ್ಮ ಹುಡುಗರು ‘ಐ ವನ್ ಹಿಮ್’ ಅಂತ ಬರೆಯುತ್ತಾರೆ. ಇಂಗ್ಲಿಷಿನಲ್ಲಿ ಮ್ಯಾಚ್, ಕಪ್, ಎಲೆಕ್ಷನ್ ವಿನ್ ಮಾಡಬೇಕು. ಮನುಷ್ಯರನ್ನು ಬೀಟ್ ಮಾಡಬೇಕು.

ಸೊಸೈಟಿಯವರಾದ್ದರಿಂದ ಇನ್ನೊಂದು ಪದದ ಬಗ್ಗೆ ಎಚ್ಚರ: ಔಟ್‌ಸ್ಟ್ಯಾಂಡಿಂಗ್. ಹೊರಗಿನವರಿಗೆ ಅದು ಅತ್ಯುತ್ತಮ, ನಿಮ್ಮ ಕೌಂಟರಿನಲ್ಲಿ ಅದು ಬಾಕಿ ಸಾಲ. ‘ಮೈ ಲೋನ್ ವರ್ಕ್ ಈಸ್ ಔಟ್‌ಸ್ಟ್ಯಾಂಡಿಂಗ್’ ಅಂತ ಬರೆದರೆ ಓದುವವರು ಯಾವ ಅರ್ಥ ಹಿಡಿಯುತ್ತಾರೆ ಅಂತ ಹೇಳಲು ಬರುವುದಿಲ್ಲ.

ಇನ್ನು ನಿಮ್ಮ ಫಾರ್ಮ್. ನಿಮ್ಮ ಎದುರು ಮೂರ್ನಾಲ್ಕು ದಾರಿ ಉಂಟು, ಒಂದೊಂದರಲ್ಲೂ ಒಂದೊಂದು ಅಪಾಯ.

‘ಐ ಹ್ಯಾವ್ ಔಟ್‌ಡನ್ ದಿ ಅದರ್ ಸ್ಟಾಫ್’ ಅಂತ ಬರೆದರೆ ವ್ಯಾಕರಣ ಪೂರ್ತಿ ಸರಿ. ಆದರೂ ಬರೆಯಬೇಡಿ ಅಂತಲೇ ನನ್ನ ಸಲಹೆ. ಈ ಮಟ್ಟಿಗೆ ನಿಮ್ಮ ಪಕ್ಕದವರು ಹೇಳಿದ್ದರಲ್ಲಿ ಅರ್ಧ ನಿಜ ಇದೆ. ಪದ ಕೆಟ್ಟದ್ದಲ್ಲ, ಆದರೆ ಅದು ‘ಯಾರಿಗಿಂತ’ ಅಂತ ಕೇಳುತ್ತದೆ, ನೀವು ದಿನಾ ಒಟ್ಟಿಗೆ ಊಟದ ಡಬ್ಬಿ ಬಿಚ್ಚುವವರನ್ನು ಆ ಜಾಗದಲ್ಲಿ ಕೂರಿಸಿದ್ದೀರಿ. ಅವರೆಲ್ಲ ಎಷ್ಟೆಷ್ಟು ತಂದರು ಅಂತ ನಿಮಗೆ ಗೊತ್ತಾ? ಅವರಿಗೂ ಡೆಪಾಸಿಟ್ಟಿನ ಕೆಲಸವೇ ಇತ್ತಾ, ಅಥವಾ ಸಾಲ ವಸೂಲಿಗೆ ಊರೂರು ತಿರುಗಬೇಕಿತ್ತಾ? ಕಂಬಳದ ಕರೆ ಬೇರೆ, ಬರ್ಲಿನ್ ಟ್ರ್ಯಾಕ್ ಬೇರೆ ಅನ್ನುವ ಹಾಗೆ, ಅವರ ಕೆಲಸ ಬೇರೆ, ನಿಮ್ಮದು ಬೇರೆ ಇರಬಹುದು.

‘ಅವರ್ ಬ್ರಾಂಚ್ ಔಟ್‌ಪರ್ಫಾರ್ಮ್ಡ್ ದಿ ಅದರ್ಸ್’ ಅನ್ನಬಹುದು, ಎಲ್ಲ ಬ್ರಾಂಚಿನ ಅಂಕಿ ಮೀಟಿಂಗಿನಲ್ಲಿ ಹೇಳಿದ್ದರೆ ಮಾತ್ರ. ಆದರೆ ಅದು ಬ್ರಾಂಚಿನ ಕೆಲಸ, ಅಲ್ಲಿ ನಿಮ್ಮ ಪಾಲು ಮರೆಯಾಗುತ್ತದೆ. ‘ಐ ಎಕ್ಸೆಲ್ಡ್ ಇನ್ ಡೆಪಾಸಿಟ್ ಕಲೆಕ್ಷನ್’ ಯಾರಿಗೂ ನೋವು ಮಾಡುವುದಿಲ್ಲ. ಆದರೆ ಅಂಕಿ ಇಲ್ಲದೆ ಅದೊಂದೇ ಇದ್ದರೆ, ಜಂಬ ಅನ್ನಿಸುವುದು ಔಟ್‌ಡೂಗಿಂತ ಇದೇ ಜಾಸ್ತಿ. ಮಿಂಚಿದೆ ಅಂತ ನಾವೇ ಹೇಳಿಕೊಂಡ ಹಾಗಲ್ವಾ?

ನಾನು ನಿಮ್ಮ ಜಾಗದಲ್ಲಿದ್ದರೆ ಎಕ್ಸೀಡ್ ಹಿಡಿಯುತ್ತಿದ್ದೆ. ‘ಐ ಎಕ್ಸೀಡೆಡ್ ಮೈ ಡೆಪಾಸಿಟ್ ಟಾರ್ಗೆಟ್ ಆಫ್ 2 ಕ್ರೋರ್ ರುಪೀಸ್ ಬೈ 40 ಲ್ಯಾಕ್ ರುಪೀಸ್.’ ಯಾರಿಗಿಂತ ಅನ್ನುವ ಜಾಗದಲ್ಲಿ ಈಗ ಒಂದು ಗೆರೆ ಇದೆ, ಆ ಗೆರೆ ಎಳೆದದ್ದು ಮ್ಯಾನೇಜರೇ. ಇದರಲ್ಲಿ ಜಂಬಕ್ಕೆ ಜಾಗವೇ ಇಲ್ಲ, ಲೆಕ್ಕ ಮಾತ್ರ ಇದೆ. ಅಪಾಯ ಅಂದರೆ ಒಂದೇ: ಇಷ್ಟು ಸುಲಭವಾಗಿ ದಾಟಿದ್ದಾರೆ ಅಂತ ಮುಂದಿನ ವರ್ಷ ಟಾರ್ಗೆಟ್ ಏರಿಸಬಹುದು. ಹಾಗಾಗಿ ಹೇಗೆ ದಾಟಿದಿರಿ ಅಂತ ಇನ್ನೊಂದು ಸಾಲು ಸೇರಿಸಿ. ಭಾನುವಾರ ಮನೆ ಮನೆಗೆ ಹೋಗಿದ್ದರೆ ಅದು, ಹಳೆಯ ಗ್ರಾಹಕರಿಗೆ ಫೋನ್ ಮಾಡಿ ಡೆಪಾಸಿಟ್ ಮುಂದುವರಿಸಿದ್ದರೆ ಅದು. ನಡೆದದ್ದನ್ನು ನಡೆದ ಹಾಗೇ, ಸಣ್ಣ ವಾಕ್ಯದಲ್ಲಿ ಬರೆಯಿರಿ. ಹೋದ ವರ್ಷದ ನಿಮ್ಮ ಅಂಕಿ ಇದಕ್ಕಿಂತ ಕಡಿಮೆ ಇದ್ದರೆ ‘ಐ ಆಲ್ಸೋ ಬೆಟರ್ಡ್ ಮೈ ಲಾಸ್ಟ್ ಇಯರ್ಸ್ ಫಿಗರ್’ ಅಂತ ಸೇರಿಸಿ, ಮುಂದೆ ಆ ಅಂಕಿ ಹಾಕಿ. ಬೆಟರ್ ಅನ್ನುವುದು ಕ್ರಿಯಾಪದ ಕೂಡ ಹೌದು, ಹಿಂದಿನದಕ್ಕಿಂತ ಉತ್ತಮ ಮಾಡು ಅಂತ. ಇಲ್ಲಿ ನೀವು ಮೀರಿಸಿದ್ದು ನಿಮ್ಮನ್ನೇ, ಯಾರಿಗೂ ಬೇಸರ ಇಲ್ಲ. ಮ್ಯಾನೇಜರ್ ಕರೆದು ಬಾಯಿಮಾತಿನಲ್ಲಿ ಕೇಳಿದರೆ ‘ಐ ಬೀಟ್ ಮೈ ಟಾರ್ಗೆಟ್’ ಅಂದರೆ ಸಾಕು.

ಒಂದು ವಿಷಯ ಉಳಿಯಿತು, ನಿಮ್ಮ ಸೀನಿಯರ್. ಅವರು ಸಹಾಯ ಮಾಡಲಿಕ್ಕೇ ತಿದ್ದಿದ್ದು, ಹಾಗಾಗಿ ಎಲ್ಲರ ಎದುರು ಹೇಳಬೇಡಿ. ಟೀ ಹೊತ್ತಿಗೆ ಡಿಕ್ಷನರಿಯಲ್ಲಿ ಓವರ್‌ಡೂ ತೆರೆದು, “ಸರ್, ಇಲ್ಲಿ ಹೀಗೆ ಉಂಟು, ಒಮ್ಮೆ ನೋಡ್ತೀರಾ?” ಅಂತ ಕೇಳಿ. ಅವರು ಒಪ್ಪದಿದ್ದರೂ ಚಿಂತೆ ಇಲ್ಲ, ಎಕ್ಸೀಡ್ ಹಾಕಿದ ಮೇಲೆ ಆ ಎರಡು ಪದಗಳ ಜಗಳವೇ ನಿಮ್ಮ ಪುಟದಲ್ಲಿ ಇರುವುದಿಲ್ಲ. ಬರೆದು ಮುಗಿಸಿದ ಮೇಲೆ ನನಗೆ ಒಮ್ಮೆ ಕಳಿಸಿ, ಫಾರ್ಮ್ ಕೊಡುವ ಮುಂಚೆ ಓದಿ ಹೇಳುತ್ತೇನೆ.